ಸಣ್ಣ ಕಾಲೇಜೋ, ದೊಡ್ಡ ಕಾಲೇಜೋ? ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಮಾಡಬೇಕಾದ ಲೆಕ್ಕಗಳು

ಸಿಇಟಿ ರ‍್ಯಾಂಕ್ ಬಂದ ಮರುದಿನದಿಂದಲೇ ನನಗೆ ಫೋನು ಬರಲು ಶುರುವಾಗುತ್ತದೆ. ಕೇಳುವವರ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ಸಾರ್, ಬೆಂಗಳೂರಲ್ಲಿ ದೊಡ್ಡ ಕಾಲೇಜು ಸಿಗೋ ಹಾಗಿದೆ. ಇಲ್ಲೇ ಹತ್ರದಲ್ಲಿ ಒಂದು ಸಣ್ಣ ಕಾಲೇಜೂ ಇದೆ. ಯಾವುದಕ್ಕೆ ಹಾಕೋಣ?"

ನಾನು 6 ವರ್ಷ ತಾಲ್ಲೂಕು ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಆಮೇಲೆ 9 ವರ್ಷ ಬೆಂಗಳೂರಿನ ದೊಡ್ಡ ಕಾಲೇಜೊಂದರಲ್ಲಿ ಪಾಠ ಮಾಡಿದ್ದೇನೆ. ಎರಡೂ ಕಡೆ ಅರಳಿದ ಮಕ್ಕಳಿದ್ದಾರೆ, ಎರಡೂ ಕಡೆ ಮೂಲೆಗೆ ಸರಿದು ಹೋದವರೂ ಇದ್ದಾರೆ. ಅವರನ್ನೆಲ್ಲ ನೆನೆಸಿಕೊಂಡಾಗ ನನಗೆ ಖಾತ್ರಿಯಾದ ಮಾತು ಒಂದು. ಅಪ್ಪ ಅಮ್ಮ ನೋಡುವುದು ಗೇಟು, ಕಟ್ಟಡ, ಎಕರೆ. ಮಗು 4 ವರ್ಷ ಬದುಕುವುದು ಒಂದು ವಿಭಾಗದಲ್ಲಿ, ಆ ವಿಭಾಗದ ಒಂದು ಸೆಕ್ಷನ್ನಿನಲ್ಲಿ. ಅಳೆಯಬೇಕಾದದ್ದು ಆ ಸೆಕ್ಷನ್ನನ್ನು. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ತುಂಬಲು, ಕೂರುವ ಮೊದಲು ಅದನ್ನು ಹೇಗೆ ಅಳೆಯುವುದು ಎಂದು ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಸೀಟ್ ಮ್ಯಾಟ್ರಿಕ್ಸ್ ತೆಗೆದು ನಿಮ್ಮ ಬ್ರಾಂಚಿನ ಗಾತ್ರ ಲೆಕ್ಕ ಹಾಕಿ

ಯಾವ ಕಾಲೇಜಿನ ಯಾವ ಬ್ರಾಂಚಿನಲ್ಲಿ ಎಷ್ಟು ಸರ್ಕಾರಿ ಸೀಟುಗಳಿವೆ ಎಂಬ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ವರ್ಷ ಹಾಕುತ್ತದೆ. ಖಾಸಗಿ ಕಾಲೇಜುಗಳಲ್ಲಿ ಅದರ ಮೇಲೆ ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆ) ಸೀಟು, ಮ್ಯಾನೇಜ್‌ಮೆಂಟ್ ಸೀಟು ಬೇರೆ ಇರುತ್ತವೆ. ಆದ್ದರಿಂದ ಒಟ್ಟು ಸೀಟು, ಅಂದರೆ ಇನ್‌ಟೇಕ್ ಎಷ್ಟು ಎಂದು ಕಾಲೇಜಿನ ವೆಬ್‌ಸೈಟಿನ 'ಮ್ಯಾಂಡೇಟರಿ ಡಿಸ್‌ಕ್ಲೋಶರ್' ಪುಟದಲ್ಲಿ ನೋಡಿ. ಆ ಸಂಖ್ಯೆಯನ್ನು 60ರಿಂದ ಭಾಗಿಸಿದರೆ ಎಷ್ಟು ಸೆಕ್ಷನ್ ಎಂದು ತಿಳಿಯುತ್ತದೆ. ಎರಡನೇ ವರ್ಷದಲ್ಲಿ ಡಿಪ್ಲೊಮಾ ಮುಗಿಸಿ ನೇರ ಬರುವವರೂ ಸೇರಿಕೊಳ್ಳುವುದರಿಂದ ಸೆಕ್ಷನ್ ಇನ್ನಷ್ಟು ತುಂಬುತ್ತದೆ.

ಈ ಲೆಕ್ಕ ಈಗ ಹಿಂದಿಗಿಂತ ಮುಖ್ಯ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂದು, ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಮೊದಲು ಮಿತಿ ಹಾಕಿತ್ತು. 2024-25ರ ಶೈಕ್ಷಣಿಕ ವರ್ಷದಿಂದ ಆ ಮಿತಿ ತೆಗೆಯಿತು. ಬೇಡಿಕೆ ಇರುವ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಮತ್ತು ಅದರ ಅಕ್ಕತಂಗಿಯರಾದ ಎಐ, ಡೇಟಾ ಸೈನ್ಸ್ ಬ್ರಾಂಚುಗಳಲ್ಲಿ ಸೀಟು ಏರಿಸಿಕೊಂಡವು. ಐದು ವರ್ಷದ ಹಿಂದೆ ಅಲ್ಲಿ ಓದಿದ ಪಕ್ಕದ ಮನೆ ಹುಡುಗನ ಅನುಭವ ಇವತ್ತಿನ ಆ ವಿಭಾಗಕ್ಕೆ ಹೊಂದಬೇಕೆಂದಿಲ್ಲ.

ಅದೇ ಕಾಲೇಜಿನ ಸಿವಿಲ್ ವಿಭಾಗಕ್ಕೆ ಹೋಗಿ ನೋಡಿ. ಒಂದೇ ಸೆಕ್ಷನ್, ಅದೂ ಎಷ್ಟೋ ಕಡೆ ತುಂಬಿರುವುದಿಲ್ಲ. ಹಳೆಯ ಮೇಷ್ಟ್ರು, ದೊಡ್ಡ ಲ್ಯಾಬು, ಕಡಿಮೆ ಮಕ್ಕಳು. ಹೊರಗಿನಿಂದ ಆರು ಸಾವಿರ ಮಂದಿಯ ಕಾಲೇಜು, ಒಳಗೆ ಆ ಮಗುವಿಗೆ ಅದು ಸಣ್ಣ ಕಾಲೇಜೇ. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಕೆಮಿಕಲ್ ಓದಲು ಮನಸ್ಸಿರುವವರಿಗೆ ದೊಡ್ಡ ಹಳೆಯ ಕಾಲೇಜೇ ಒಳ್ಳೆಯದೆಂದು ನಾನು ಧೈರ್ಯವಾಗಿ ಹೇಳುವುದು ಇದಕ್ಕೇ. ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ಮಾತ್ರ ಮುಂದಿನ ಹೆಜ್ಜೆಗಳನ್ನು ಎರಡು ಸಲ ಓದಬೇಕು.

ಇನ್ನೊಂದು ಮಾತು. ಊರು ಸಣ್ಣದು ಎಂದರೆ ಕಾಲೇಜು ಸಣ್ಣದು ಎಂದಲ್ಲ. ಹಾಸನದ ಮಲೆನಾಡು ಕಾಲೇಜು 1960ರದು, ಮಂಡ್ಯದ ಪಿಇಎಸ್ 1962ರದು, ಬಾಗಲಕೋಟೆಯ ಬಸವೇಶ್ವರ 1963ರದು. ಇವು ಜಿಲ್ಲಾ ಕೇಂದ್ರಗಳಲ್ಲಿರುವ ದೊಡ್ಡ, ಹಳೆಯ ಕಾಲೇಜುಗಳು. 2007ರ ಸುಮಾರಿಗೆ ಹಾವೇರಿ, ರಾಯಚೂರು, ಕಾರವಾರ, ಕುಶಾಲನಗರ, ಚಾಮರಾಜನಗರ ಮುಂತಾದ ಕಡೆ ಶುರುವಾದ ಸರ್ಕಾರಿ ಕಾಲೇಜುಗಳದ್ದು ಬೇರೆ ಬಗೆ: ಕಡಿಮೆ ಸೀಟು, ಖಾಸಗಿಗಿಂತ ತುಂಬ ಕಡಿಮೆ ಶುಲ್ಕ. ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿದ ಎಂಜಿನಿಯರಿಂಗ್ ಕಾಲೇಜು ಯುವಿಸಿಇ, ಜಾಗದಲ್ಲಿ ಹೊರವಲಯದ ಹೊಸ ಕ್ಯಾಂಪಸ್ಸುಗಳ ಮುಂದೆ ಪುಟ್ಟದು. ಅದನ್ನು ಯಾರೂ ಸಣ್ಣ ಕಾಲೇಜು ಎನ್ನುವುದಿಲ್ಲ.

ಹೆಜ್ಜೆ 2: ಮಗುವಿನ ಪಿಯುಸಿಯ ಎರಡು ವರ್ಷ ನೆನಪು ಮಾಡಿಕೊಳ್ಳಿ

ನಿಮ್ಮ ಮಗ ನಾಚಿಕೆಯವನೋ ಧೈರ್ಯದವನೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹೀಗೆ ಕೇಳಿ: ಪಿಯುಸಿಯಲ್ಲಿ ಒಂದು ಲೆಕ್ಕ ಅರ್ಥವಾಗದಿದ್ದಾಗ ಏನು ಮಾಡುತ್ತಿದ್ದ? ಎದ್ದು ಕೇಳುತ್ತಿದ್ದನೇ, ತರಗತಿ ಮುಗಿದ ಮೇಲೆ ಮೇಷ್ಟ್ರ ಹಿಂದೆ ಹೋಗುತ್ತಿದ್ದನೇ, ಗೆಳೆಯನ ನೋಟ್ಸು ತರುತ್ತಿದ್ದನೇ, ಯೂಟ್ಯೂಬ್ ನೋಡಿ ತಾನೇ ಬಿಡಿಸಿಕೊಳ್ಳುತ್ತಿದ್ದನೇ, ಇಲ್ಲ ಸುಮ್ಮನೆ ಬಿಟ್ಟುಬಿಡುತ್ತಿದ್ದನೇ?

ತಾನೇ ಬಿಡಿಸಿಕೊಳ್ಳುವ ಮಗುವಿಗೆ ಗುಂಪು ದೊಡ್ಡದಾದಷ್ಟೂ ಲಾಭ. ಅವನಿಗೆ ಜೊತೆಗಾರರು ಸಿಗುತ್ತಾರೆ, ಕ್ಲಬ್ಬುಗಳು ಸಿಗುತ್ತವೆ. ಸುಮ್ಮನೆ ಬಿಟ್ಟುಬಿಡುವ ಮಗುವಿಗೆ ಹತ್ತು ಸೆಕ್ಷನ್ನಿನ ವಿಭಾಗ ಅಪಾಯ. ನನ್ನ ದೊಡ್ಡ ಕಾಲೇಜಿನ ದಿನಗಳಲ್ಲಿ ಒಬ್ಬ ಹುಡುಗ ಒಂದೂವರೆ ತಿಂಗಳು ಕ್ಲಾಸಿಗೆ ಬಂದಿರಲಿಲ್ಲ. ಹಾಜರಿ ಪಟ್ಟಿ ಅಂತಿಮ ಮಾಡುವಾಗ ನನಗೆ ಗೊತ್ತಾಯಿತು. ರೂಮಿನಲ್ಲಿ ಒಬ್ಬನೇ ಮಲಗಿರುತ್ತಿದ್ದನಂತೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಅಂದರೆ ವಿಟಿಯುನಲ್ಲಿ, 85% ಹಾಜರಿ ಬೇಕು, ಅವನಿಗೆ ಆ ಸೆಮಿಸ್ಟರ್ ಹೋಯಿತು. ತಾಲ್ಲೂಕಿನ ಕಾಲೇಜಿನಲ್ಲಾಗಿದ್ದರೆ ಮೂರನೇ ದಿನ ಅಟೆಂಡರ್ ಕೂಡ "ಆ ಹುಡ್ಗ ಯಾಕೋ ಕಾಣ್ತಿಲ್ವಲ್ಲ ಸಾರ್" ಎನ್ನುತ್ತಿದ್ದರು. ಆ ವಾಕ್ಯವನ್ನು ನಾನು ಅಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ಸಣ್ಣದರಲ್ಲೂ ಕಷ್ಟವಿದೆ. ಜೊತೆಗೆ ಓದುವ 50 ಮಂದಿಯಲ್ಲಿ ಓದಬೇಕೆಂಬ ಹಠದವರು ನಾಲ್ಕೇ ಜನ ಇದ್ದರೆ, ಚುರುಕಿನ ಮಗುವೂ ಎರಡನೇ ವರ್ಷಕ್ಕೆ ಸಡಿಲವಾಗುತ್ತದೆ. ಒಂದು ಸಲ ಜಗಳವಾದರೆ 4 ವರ್ಷ ಅದೇ ಮುಖಗಳನ್ನು ನೋಡಬೇಕು. ಒಬ್ಬ ಮೇಷ್ಟ್ರಿಗೆ ನಿಮ್ಮ ಮೇಲೆ ಬೇಸರವಾದರೆ ಅವರೇ ಮೂರು ವಿಷಯ ತೆಗೆದುಕೊಳ್ಳುವವರಾಗಿರಬಹುದು.

ಹೆಜ್ಜೆ 3: ಮೇಷ್ಟ್ರುಗಳನ್ನು ಎಣಿಸಿ

ಎಐಸಿಟಿಇ ನಿಯಮದಂತೆ 20 ಮಕ್ಕಳಿಗೆ ಒಬ್ಬ ಅಧ್ಯಾಪಕರು ಇರಬೇಕು. 60 ಸೀಟಿನ ಬ್ರಾಂಚ್ ಎಂದರೆ 4 ವರ್ಷಕ್ಕೆ 240 ಮಕ್ಕಳು. ಮೊದಲ ವರ್ಷದ ಗಣಿತ, ವಿಜ್ಞಾನದವರೂ ಸೇರಿ 12 ಮಂದಿ ಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ವಿಭಾಗದ ಅಧ್ಯಾಪಕರ ಪಟ್ಟಿ ಇರುತ್ತದೆ. ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು, ಅಲ್ಲೇ ಓದುತ್ತಿರುವ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿಯ ಮುಂದೆ ಇಡಿ. "ಇವರಲ್ಲಿ ಈಗ ಯಾರ‍್ಯಾರು ಇದ್ದಾರೆ, ಟಿಕ್ ಹಾಕು" ಎನ್ನಿ. ಹದಿನೈದು ಹೆಸರಿನಲ್ಲಿ ಆರೇ ಟಿಕ್ ಬಿದ್ದರೆ ಬೇರೇನೂ ಕೇಳುವ ಅಗತ್ಯವಿಲ್ಲ.

ಸಣ್ಣ ಕಾಲೇಜುಗಳ ದೊಡ್ಡ ಕಾಯಿಲೆ ಇದು. ಸಂಬಳ ತಡವಾಗುತ್ತದೆ, ಒಳ್ಳೆಯವರು ಬಿಟ್ಟು ಹೋಗುತ್ತಾರೆ, ಸೆಮಿಸ್ಟರ್ ನಡುವೆ ಹೊಸಬರು ಬಂದು ಸಿಲಬಸ್ಸಿನ ಮೂರನೇ ಮಾಡ್ಯೂಲ್‌ನಿಂದ ಪಾಠ ಶುರು ಮಾಡುತ್ತಾರೆ. ದೊಡ್ಡ ಕಾಲೇಜಿನ ಕಾಯಿಲೆ ಬೇರೆ: ಹಿರಿಯ ಪ್ರೊಫೆಸರ್ ಇದ್ದಾರೆ, ಹೆಸರೂ ದೊಡ್ಡದು, ಆದರೆ ಪಿಎಚ್‌ಡಿ, ಕಮಿಟಿ, ಮಾನ್ಯತೆಯ ಫೈಲುಗಳಲ್ಲೇ ದಿನ ಮುಗಿಯುತ್ತದೆ. ಮೊದಲ ವರ್ಷದವರಿಗೆ ಪಾಠ ಮಾಡುವುದು ಈಚೆಗೆ ಸೇರಿದ ಕಿರಿಯರು. ಆದ್ದರಿಂದ ಹೆಸರು ಕೇಳಬೇಡಿ. ಮೂರನೇ ಸೆಮಿಸ್ಟರಿಗೆ ಈ ವರ್ಷ ಪಾಠ ಮಾಡಿದವರು ಯಾರು ಎಂದು ಕೇಳಿ.

ಮಾನ್ಯತೆಯ ವಿಷಯಕ್ಕೆ ಬಂದರೆ, ಗುಣಮಟ್ಟ ಅಳೆದು ಅದನ್ನು ಕೊಡುವ ಸಂಸ್ಥೆಗಳು ಎರಡು: ನ್ಯಾಕ್ ಕೊಡುವುದು ಇಡೀ ಸಂಸ್ಥೆಗೆ, ಎನ್‌ಬಿಎ ಕೊಡುವುದು ಒಂದೊಂದು ಕೋರ್ಸಿಗೆ. ನೀವು ಸೇರುವ ಬ್ರಾಂಚಿಗೆ ಎನ್‌ಬಿಎ ಇದೆಯೇ, ಯಾವ ವರ್ಷದವರೆಗೆ ಇದೆ ಎಂಬುದು ಜಾಹೀರಾತಿನ 'ಎ ಪ್ಲಸ್' ಗ್ರೇಡಿಗಿಂತ ನಿಮಗೆ ಹತ್ತಿರದ ವಿಷಯ.

ಹೆಜ್ಜೆ 4: ಸ್ವಾಯತ್ತವೋ, ವಿಟಿಯು ಪರೀಕ್ಷೆಯೋ ತಿಳಿದುಕೊಳ್ಳಿ

ದೊಡ್ಡ ಕಾಲೇಜುಗಳಲ್ಲಿ ಹೆಚ್ಚಿನವು ಸ್ವಾಯತ್ತ. ಪದವಿ ವಿಟಿಯುನದೇ, ಆದರೆ ಸಿಲಬಸ್, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಕಾಲೇಜಿನದು. ಸಣ್ಣ ಕಾಲೇಜುಗಳಲ್ಲಿ ಹೆಚ್ಚಿನವು ಸ್ವಾಯತ್ತವಲ್ಲ. ಅಲ್ಲಿ ಪ್ರಶ್ನೆಪತ್ರಿಕೆ ಬರುವುದು ಬೆಳಗಾವಿಯ ವಿಶ್ವವಿದ್ಯಾಲಯದಿಂದ, ರಾಜ್ಯದಾದ್ಯಂತ ಅದೇ ಪತ್ರಿಕೆ.

ಇದರ ಪರಿಣಾಮ ದಿನನಿತ್ಯದ ಬದುಕಿನಲ್ಲಿ ಕಾಣುತ್ತದೆ. ಸ್ವಾಯತ್ತ ಕಾಲೇಜಿನಲ್ಲಿ ಪಾಠ ಮಾಡಿದವರೇ ಪತ್ರಿಕೆಯನ್ನೂ ತೆಗೆಯುವುದರಿಂದ ಕ್ಲಾಸಿನಲ್ಲಿ ಕೂತವನಿಗೆ ಅನುಕೂಲ, ಸಿಲಬಸ್ಸೂ ಬೇಗ ಬದಲಾಗುತ್ತದೆ. ಆದರೆ ಕ್ವಿಜ್, ಅಸೈನ್‌ಮೆಂಟ್, ಪ್ರಾಜೆಕ್ಟ್ ಎಂದು ವಾರವಾರವೂ ಓಟ. ವಿಟಿಯು ಪತ್ರಿಕೆಯಲ್ಲಿ 5 ಮಾಡ್ಯೂಲು, ಪ್ರತಿಯೊಂದರಿಂದ ಎರಡರಲ್ಲಿ ಒಂದು ಪ್ರಶ್ನೆ, ಹಿಂದಿನ ವರ್ಷಗಳ ಪತ್ರಿಕೆಗಳು ಬೇಕಾದಷ್ಟು ಸಿಗುತ್ತವೆ. ಮೇಷ್ಟ್ರು ಸರಿಯಿಲ್ಲದಿದ್ದರೂ ಹಠ ಹಿಡಿದು ಓದುವವನು ಪಾಸಾಗುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಮೊದಲ ವರ್ಷ ಈ ಎರಡನೇ ಬಗೆ ಸ್ವಲ್ಪ ಉಸಿರಾಡಲು ಬಿಡುತ್ತದೆ ಎಂಬುದು ನಾನು ಕಂಡಿದ್ದು.

ಹೆಜ್ಜೆ 5: ಕೆಲಸದ ದಿನ, ಹೇಳದೆ ಹೋಗಿ ನೋಡಿ

ಓಪನ್ ಡೇ ದಿನ ಹೋಗಬೇಡಿ. ಮಂಗಳವಾರವೋ ಬುಧವಾರವೋ, ಮಧ್ಯಾಹ್ನ 2 ಗಂಟೆಯ ಹೊತ್ತಿಗೆ ಹೋಗಿ, ಲ್ಯಾಬ್ ನಡೆಯುವ ಸಮಯ ಅದು. ಸೆಮಿಸ್ಟರ್ ರಜೆ ಇಲ್ಲವೆಂದು ಮೊದಲೇ ಕೇಳಿಕೊಂಡಿರಿ. ಅಡ್ಮಿಷನ್ ವಿಭಾಗದವರು ಆಡಿಟೋರಿಯಂ, ಸೆಂಟ್ರಲ್ ಲೈಬ್ರರಿ ತೋರಿಸುತ್ತಾರೆ. ನೋಡಿ, ಥ್ಯಾಂಕ್ಸ್ ಹೇಳಿ, ಆಮೇಲೆ ನಿಮ್ಮ ವಿಭಾಗದ ಲ್ಯಾಬಿನ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಲು ಅನುಮತಿ ಕೇಳಿ.

ಕಳೆದ ವರ್ಷ ಅಕ್ಕನ ಮಗಳನ್ನು ಕರೆದುಕೊಂಡು ನಾನು ಎರಡು ಕಾಲೇಜು ಸುತ್ತಿದೆ. ಅವಳಿಗೆ ಎಲೆಕ್ಟ್ರಾನಿಕ್ಸ್ ಆಸೆ. ಮೊದಲನೆಯದು ದೊಡ್ಡದು. ಲ್ಯಾಬಿನ ಉಪಕರಣಗಳೆಲ್ಲ ಹೊಸವು, ಆದರೆ ಸರ್ಕಿಟ್ ಜೋಡಿಸುವ ಒಂದು ಬ್ರೆಡ್‌ಬೋರ್ಡಿಗೆ ನಾಲ್ವರು. ಒಬ್ಬ ವೈರು ಚುಚ್ಚುತ್ತಿದ್ದ, ಒಬ್ಬಳು ರೀಡಿಂಗ್ ಬರೆದುಕೊಳ್ಳುತ್ತಿದ್ದಳು, ಉಳಿದಿಬ್ಬರು ಹಿಂದಿನ ವಾರದ ರೆಕಾರ್ಡ್ ನಕಲು ಮಾಡುತ್ತಿದ್ದರು. ಎರಡನೆಯದು ಸಣ್ಣದು. ಅಲ್ಲಿ ಇಬ್ಬಿಬ್ಬರಿಗೆ ಒಂದು ಬೋರ್ಡ್. ಇನ್‌ಸ್ಟ್ರಕ್ಟರ್ ಒಂದೊಂದು ಮೇಜಿಗೂ ಬಂದು "ಗ್ರೌಂಡ್ ಎಲ್ಲಿ ಕೊಟ್ಟಿದೀಯಮ್ಮ, ತೋರ್ಸು" ಎನ್ನುತ್ತಿದ್ದರು. ಆದರೆ ಕೋಣೆಯ ಆ ತುದಿಯಲ್ಲಿ, ವಿದ್ಯುತ್ ಸಂಕೇತ ತೋರಿಸುವ ಎರಡು ಆಸಿಲೋಸ್ಕೋಪುಗಳ ಮೇಲೆ ಬಟ್ಟೆ ಹೊದಿಸಿತ್ತು. ಬಟ್ಟೆಯ ಮೇಲಿನ ಧೂಳು ನೋಡಿದರೆ ಅವು ಕೆಟ್ಟು ಬಹಳ ದಿನವಾಗಿತ್ತು. "ಮಾಮ, ಇಲ್ಲಿ ಕಲಿಸ್ತಾರೆ, ಆದ್ರೆ ಸಾಮಾನಿಲ್ಲ. ಅಲ್ಲಿ ಸಾಮಾನಿದೆ, ಆದ್ರೆ ನನ್ ಕೈಗೆ ಸಿಗಲ್ಲ" ಎಂದಳು. ಎರಡು ಕಾಲೇಜುಗಳ ವ್ಯತ್ಯಾಸವನ್ನು ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನೋಡಬೇಕಾದ ಇನ್ನಷ್ಟು: ನೋಟಿಸ್ ಬೋರ್ಡಿನಲ್ಲಿ ಕೊನೆಯ ನೋಟಿಸಿನ ತಾರೀಖು. ಸಂಜೆ 5ರ ಮೇಲೆ ಲೈಬ್ರರಿಯಲ್ಲಿ ಎಷ್ಟು ಮಂದಿ ಇದ್ದಾರೆ. ವಿಭಾಗದ ಮುಖ್ಯಸ್ಥರ ಕೋಣೆಗೆ ಮಕ್ಕಳು ನೇರ ಹೋಗುತ್ತಾರೋ, ಹೊರಗೆ ಚೀಟಿ ಹಿಡಿದು ಕಾಯುತ್ತಾರೋ. ಹೆಣ್ಣುಮಕ್ಕಳ ಶೌಚಾಲಯ ತೆರೆದಿದೆಯೋ, ನೀರಿದೆಯೋ. ಇದನ್ನು ಅಪ್ಪಂದಿರು ಮರೆಯುತ್ತಾರೆ, ಅಮ್ಮ ಜೊತೆಗೆ ಬರಲಿ. ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿದು ಪಕ್ಕದ ಮೇಜಿನವರನ್ನು ಎರಡು ಪ್ರಶ್ನೆ ಕೇಳಿ: "ನಿಮ್ಮ ಪ್ರಾಕ್ಟರ್ ಯಾರು? ಅವರ ಹತ್ರ ಕೊನೆಯ ಸಲ ಮಾತಾಡಿದ್ದು ಯಾವಾಗ?" ಪ್ರಾಕ್ಟರ್ ಎಂದರೆ ಒಂದಷ್ಟು ಮಕ್ಕಳ ಯೋಗಕ್ಷೇಮ ನೋಡಿಕೊಳ್ಳಲು ನೇಮಿಸಿದ ಮೇಷ್ಟ್ರು.

ಹೆಜ್ಜೆ 6: ಪ್ಲೇಸ್‌ಮೆಂಟ್ ಅಂಕಿಯನ್ನು ಬಿಡಿಸಿ ಓದಿ

ಇಲ್ಲಿ ದೊಡ್ಡ ಕಾಲೇಜಿನ ಕೈ ಮೇಲು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಕಂಪನಿಯವರು ದಿನ ಖರ್ಚು ಮಾಡಿ ಬಂದರೆ ಒಂದೇ ಕಡೆ ಸಾವಿರ ಮಂದಿ ಪರೀಕ್ಷೆಗೆ ಕೂರುವ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಸಣ್ಣ ಕಾಲೇಜಿನ ಮಕ್ಕಳು ಹಲವು ಕಾಲೇಜುಗಳಿಗೆ ಸೇರಿಸಿ ನಡೆಸುವ ಪೂಲ್ ಡ್ರೈವ್‌ಗೆ ಬೆಳಗಿನ ಜಾವದ ಬಸ್ಸು ಹಿಡಿದು ಹೋಗಬೇಕು.

ಆದರೆ ಬ್ಯಾನರಿನಲ್ಲಿ ಬರೆಯುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದು. ನೀವು ಕೇಳಬೇಕಾದದ್ದು ಮೂರು. ನಿಮ್ಮ ಬ್ರಾಂಚಿನಲ್ಲಿ ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರೆಷ್ಟು? ಅವರಲ್ಲಿ ಆಫರ್ ಲೆಟರ್ ಸಿಕ್ಕ ವಿದ್ಯಾರ್ಥಿಗಳೆಷ್ಟು? ಆಫರ್‌ಗಳ ಸಂಖ್ಯೆ ಬೇಡ, ಒಬ್ಬನಿಗೇ ಮೂರು ಆಫರ್ ಇರಬಹುದು. ಸಂಬಳದ ಪಟ್ಟಿಯಲ್ಲಿ ನಡುವೆ ನಿಂತವನಿಗೆ ಎಷ್ಟು ಸಿಕ್ಕಿದೆ? ಕಂಪನಿಗಳು ಸಿಜಿಪಿಎಗೆ (ಎಲ್ಲ ಸೆಮಿಸ್ಟರುಗಳ ಸರಾಸರಿ ಅಂಕಕ್ಕೆ) ಕಟ್‌ಆಫ್ ಇಡುತ್ತವೆ ಎಂಬುದನ್ನೂ ಗಮನದಲ್ಲಿಡಿ. ದೊಡ್ಡ ಕಾಲೇಜಿನಲ್ಲಿ ಬ್ಯಾಕ್‌ಲಾಗ್, ಅಂದರೆ ಪಾಸಾಗದ ವಿಷಯ, ಉಳಿಸಿಕೊಂಡವನು ಆ ಕಂಪನಿಯ ಬಾಗಿಲಿಗೂ ಹೋಗಲಾರ.

ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ನೋಡಿ, ಆದರೆ ಅದರಲ್ಲಿ ಸಂಶೋಧನೆಗೆ ದೊಡ್ಡ ತೂಕವಿದೆ, ಮೊದಲ ವರ್ಷದ ಕ್ಲಾಸು ಹೇಗಿದೆ ಎಂದು ಅದು ಹೇಳುವುದಿಲ್ಲ.

ಹೆಜ್ಜೆ 7: 4 ವರ್ಷದ ಪೂರ್ತಿ ಖರ್ಚು ಒಂದು ಹಾಳೆಯಲ್ಲಿ ಬರೆಯಿರಿ

ಸಿಇಟಿ ಸೀಟಿನ ಶುಲ್ಕ ಮಾತ್ರ ಲೆಕ್ಕ ಹಿಡಿದವರು ಎರಡನೇ ವರ್ಷ ಸಾಲ ಮಾಡುತ್ತಾರೆ. ಹಾಸ್ಟೆಲ್ ಅಥವಾ ಪಿಜಿ, ಊಟ, ಬಸ್ಸು, ಲ್ಯಾಪ್‌ಟಾಪ್, ಕಾಲೇಜಿನ 'ಇತರೆ ಶುಲ್ಕ', ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು ಎಲ್ಲ ಬರೆಯಿರಿ. ಇತರೆ ಶುಲ್ಕ ಎಷ್ಟು ಎಂದು ಅಲ್ಲಿ ಓದುತ್ತಿರುವವರ ರಸೀದಿಯನ್ನೇ ನೋಡಿ.

ಹೆಣ್ಣುಮಗಳಾದರೆ ಇನ್ನೊಂದು ಲೆಕ್ಕವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳ ಓಡಾಟ ಉಚಿತ. 30-40 ಕಿಲೋಮೀಟರ್ ದೂರದ ಕಾಲೇಜಿಗೆ ಮನೆಯಿಂದಲೇ ಹೋಗಿ ಬರುವುದು ಈಗ ಸಾಧ್ಯ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವುದನ್ನೂ ಹಾಳೆಯಲ್ಲಿ ಬರೆಯಿರಿ, ಅದೂ ಖರ್ಚೇ.

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಕಾಲೇಜಿನ ಹತ್ತಿರ ಇವೆಯೇ ಎಂದು ವಿಚಾರಿಸಿ. ಆದಾಯ ಮಿತಿಯೊಳಗೆ ಬರುವ ಕುಟುಂಬಗಳಿಗೆ ಬೋಧನಾ ಶುಲ್ಕ ಮಾಫಿಯಾಗುವ ಎಸ್‌ಎನ್‌ಕ್ಯೂ ಸೀಟುಗಳೂ ಇವೆ, ಅವು ಬೇಗ ಮುಗಿಯುತ್ತವೆ. ಗ್ರಾಮೀಣ ಮೀಸಲಿಗೆ, ಕನ್ನಡ ಮಾಧ್ಯಮ ಮೀಸಲಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನೂ, ಕಲ್ಯಾಣ ಕರ್ನಾಟಕದವರಾದರೆ 371(ಜೆ) ಮೀಸಲಿನ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ. ಸಿಗಲಾರದು ಎಂದುಕೊಂಡ ಕಾಲೇಜು ಇವುಗಳಿಂದ ಕೈಗೆ ಬಂದದ್ದನ್ನು ನೋಡಿದ್ದೇನೆ.

ಹೆಜ್ಜೆ 8: ಆಪ್ಷನ್‌ಗಳನ್ನು ಆಸೆಯ ಕ್ರಮದಲ್ಲಿ ಜೋಡಿಸಿ

ಕೆಇಎ ಸುತ್ತುವಾರು ಕಟ್‌ಆಫ್ ರ‍್ಯಾಂಕ್ ಪಟ್ಟಿಗಳನ್ನು ಹಾಕಿರುತ್ತದೆ. ನಿಮ್ಮ ವರ್ಗದ ಕಾಲಂ ನೋಡಿ ಎಲ್ಲಿ ಸಿಗಬಹುದು ಎಂದು ಅಂದಾಜು ಮಾಡಿ. ಸೀಟು ಹೆಚ್ಚಿದ ಬ್ರಾಂಚುಗಳಲ್ಲಿ ಕಟ್‌ಆಫ್ ಸಡಿಲವಾಗುತ್ತದೆ, ಅದನ್ನೂ ಎಣಿಸಿ.

ಪಟ್ಟಿಯ ಕ್ರಮ ಮಾತ್ರ ಕಟ್‌ಆಫ್ ರ‍್ಯಾಂಕಿನ ಕ್ರಮ ಆಗಬಾರದು. ಕಂಪ್ಯೂಟರ್ ಹಂಚುವಾಗ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ಸಿಕ್ಕ ಮೊದಲನೆಯದನ್ನು ಕೊಟ್ಟುಬಿಡುತ್ತದೆ. ಹಾಗಾಗಿ ನಿಜವಾಗಿ ಬೇಕಾದ ಸಣ್ಣ ಕಾಲೇಜನ್ನು 14ನೆಯ ಸಾಲಿನಲ್ಲಿಟ್ಟು, ಬೇಡದ ದೊಡ್ಡ ಕಾಲೇಜನ್ನು "ಇರಲಿ" ಎಂದು 6ರಲ್ಲಿ ಇಟ್ಟರೆ ಸಿಗುವುದು ಆರನೆಯದೇ. ಅಣಕು ಸೀಟು ಹಂಚಿಕೆಯ (ನಿಜವಾದ ಹಂಚಿಕೆಗೆ ಮುಂಚಿನ ಪ್ರಯೋಗದ) ಫಲಿತಾಂಶ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿದೆ. ಆ ರಾತ್ರಿ ಮನೆಯವರೆಲ್ಲ ಕೂತು ಒಂದೊಂದೇ ಸಾಲು ಓದಿ, "ಇದು ಸಿಕ್ಕರೆ ಖುಷಿಯಾಗಿ ಹೋಗ್ತೀಯಾ?" ಎಂದು ಮಗುವನ್ನೇ ಕೇಳಿ. ಅವಳು ಎರಡು ಕ್ಷಣ ಸುಮ್ಮನಾದರೆ ಆ ಸಾಲು ಕೆಳಗಿಳಿಸಿ.

ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಛಾಯ್ಸ್. ಒಂದನೆಯದು, ಒಪ್ಪಿ ಶುಲ್ಕ ಕಟ್ಟಿ ಸೇರುವುದು. ಎರಡನೆಯದು, ಸೀಟು ಉಳಿಸಿಕೊಂಡು ಮೇಲಿನ ಆಪ್ಷನ್‌ಗಾಗಿ ಮುಂದಿನ ಸುತ್ತಿಗೆ ಹೋಗುವುದು. ಮೂರನೆಯದು, ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು. ಎರಡನೆಯದನ್ನು ಒತ್ತಿದವರಿಗೆ ಮೇಲಿನದು ಸಿಕ್ಕಿದ ಕೂಡಲೇ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ಮೇಲೆ ಇಟ್ಟದ್ದು ನಿಜಕ್ಕೂ ಬೇಕಾದದ್ದಾಗಿರಲಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಅಕ್ಕನ ಮಗಳು ಕೊನೆಗೆ ಆ ದೊಡ್ಡ ಕಾಲೇಜನ್ನೂ ಈ ಸಣ್ಣದನ್ನೂ ಪಕ್ಕಕ್ಕಿಟ್ಟು, ಜಿಲ್ಲಾ ಕೇಂದ್ರದ ಹಳೆಯ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗವನ್ನು ಮೊದಲ ಸಾಲಿಗೆ ತಂದಳು. ಇಬ್ಬರಿಗೊಂದು ಬ್ರೆಡ್‌ಬೋರ್ಡ್, ಕೆಲಸ ಮಾಡುವ ಆಸಿಲೋಸ್ಕೋಪ್. ಎರಡನೇ ಸುತ್ತಿನಲ್ಲಿ ಅದು ಸಿಕ್ಕಿತು.

ಹೆಜ್ಜೆ 9: ಸೇರಿದ ಮೇಲೆ, ಇಲ್ಲದಿರುವುದನ್ನು ಹುಡುಕಿ ತಂದುಕೊಳ್ಳಿ

ದೊಡ್ಡ ಕಾಲೇಜು ಸೇರಿದವರು ಮೊದಲ ತಿಂಗಳಲ್ಲೇ ಅದನ್ನು ಸಣ್ಣದು ಮಾಡಿಕೊಳ್ಳಬೇಕು. ಒಂದು ಕ್ಲಬ್, ಒಂದೇ ಸಾಕು, ಸೇರಿ. ಇಬ್ಬರು ಮೇಷ್ಟ್ರಿಗೆ ಹೆಸರು ಗೊತ್ತಾಗುವಂತೆ ನಿಜವಾದ ಸಂದೇಹ ಹಿಡಿದು ಸ್ಟಾಫ್ ರೂಮಿಗೆ ಹೋಗಿ. ಲ್ಯಾಬಿನಲ್ಲಿ ಹಿಂದೆ ನಿಲ್ಲಬೇಡಿ, ವಾರಕ್ಕೊಮ್ಮೆಯಾದರೂ ವೈರು ನಿಮ್ಮ ಕೈಯಲ್ಲಿರಲಿ.

ಸಣ್ಣ ಕಾಲೇಜು ಸೇರಿದವರು ಹೊರಗಿನ ಬಾಗಿಲುಗಳನ್ನು ತೆರೆದುಕೊಳ್ಳಬೇಕು. ಐಐಟಿಗಳು, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ವಿಟಿಯು ಸಂಯೋಜಿತ ಕಾಲೇಜುಗಳಿಗೆ ಒಟ್ಟಾಗಿ ಇ-ಪುಸ್ತಕ, ಸಂಶೋಧನಾ ಪತ್ರಿಕೆಗಳನ್ನು ತೆರೆದುಕೊಡುವ ಕನ್ಸಾರ್ಷಿಯಂ ಇದೆ, ಲೈಬ್ರೇರಿಯನ್ ಬಳಿ ಲಾಗಿನ್ ಕೇಳಿ. ಎಷ್ಟೋ ಕಡೆ ಯಾರೂ ಕೇಳದೆ ಅದು ಹಾಗೇ ಬಿದ್ದಿರುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯ ಕೊಡುತ್ತದೆ. ತಾಲ್ಲೂಕಿನ ನನ್ನ ಮಕ್ಕಳು ಅಡಿಕೆ ಒಣಗಿಸುವ ಯಂತ್ರಕ್ಕೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡಿದ್ದರು. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು, ಸಣ್ಣ ಕಾಲೇಜಿನಲ್ಲಿ ಪ್ರಾಂಶುಪಾಲರ ಸಹಿ ಅದೇ ದಿನ ಸಿಕ್ಕಿತ್ತು.

ಇಷ್ಟಾದ ಮೇಲೂ ಆಯ್ಕೆ ತಪ್ಪಿತು ಅನಿಸಿದರೆ, ಎರಡನೇ ವರ್ಷದ ಆರಂಭದಲ್ಲಿ ಖಾಲಿ ಸೀಟು ಇರುವ ಕಡೆಗೆ ಕಾಲೇಜು ಅಥವಾ ಬ್ರಾಂಚ್ ಬದಲಿಸಲು ವಿಟಿಯು ಅವಕಾಶ ಕೊಡುತ್ತದೆ. ಎರಡೂ ಕಾಲೇಜಿನ ಒಪ್ಪಿಗೆ ಬೇಕು, ಸ್ವಾಯತ್ತ ಕಾಲೇಜಿನ ಸಿಲಬಸ್ ಬೇರೆಯಾದರೆ ಹೊಂದಿಸಿಕೊಳ್ಳುವ ವಿಷಯಗಳೂ ಬೀಳುತ್ತವೆ. ಆ ದಾರಿ ಬೇಕಾಗಬಹುದು ಎಂದು ಅನುಮಾನವಿದ್ದರೆ ಮೊದಲ ವರ್ಷದಲ್ಲಿ ಒಂದೂ ವಿಷಯ ಬಾಕಿ ಉಳಿಸಿಕೊಳ್ಳಬೇಡಿ. ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರವೇ ಬೇಕಾದ ಕಾಲೇಜಿನ ಆಫೀಸಿಗೆ ಹೋಗಿ, ನಿಮ್ಮ ಬ್ರಾಂಚಿನಲ್ಲಿ ಎಷ್ಟು ಸೀಟು ಖಾಲಿ ಇದೆ ಎಂದು ವಿಚಾರಿಸಿ ಬನ್ನಿ.